ಅಕ್ಕನ ತೋಟಕ್ಕೆ ಒಬ್ಬಳೇ

ಹಳೇ ಜೀಪು ಮಾರಿ ಹೊಸ ಕಾರು ತಂದ ದಿನ ನಮ್ಮನೆಯವರು ಹೇಳಿದ್ದರು: "ಇನ್ನು ಮಳೆ ಅಂತ ನೆವ ಹೇಳಂಗಿಲ್ಲ. ನಿಮ್ಮ ಅಕ್ಕನ ತೋಟಕ್ಕೆ ಯಾವಾಗ ಬೇಕಾದ್ರೂ ಹೋಗಬಹುದು." ನೆವ ಹೇಳುತ್ತಿದ್ದವರು ಅವರೇ. ಅಕ್ಕ ಇರುವುದು ಮೊಳಕಾಲ್ಮೂರಿನ ಆಚೆ. ಟಾರು ಮುಗಿದ ಮೇಲೆ ಎರೆಮಣ್ಣಿನ ದಾರಿ. ಭಾವ ತೀರಿಕೊಂಡ ಮೇಲೆ ಅವಳನ್ನು ನಾನು ನೋಡಿದ್ದು ಒಂದೇ ಸಲ. ಎರಡು ಮಳೆಗಾಲ ಕಳೆದರೂ ಕಾರು ಚಳ್ಳಕೆರೆಯ ನಮ್ಮ ಮನೆಗೂ ಎಣ್ಣೆ ಮಿಲ್ಲಿಗೂ ಮಾತ್ರ ಓಡಾಡಿತು. ಹಿಂದಿನ ಸೀಟಿನ ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು.

ಮೊನ್ನೆ ಅವರು ವ್ಯಾಪಾರಕ್ಕೆಂದು ರೈಲಿನಲ್ಲಿ ಹೊರಟ ಮಾರನೇ ದಿನ, ಸರ್ವಿಸ್ ಮುಗಿಸಿ ಗಾಡಿ ತಂದ ಮೆಕ್ಯಾನಿಕ್ ಸಾಹೇಬರನ್ನು ಗೇಟಿನಲ್ಲೇ ನಿಲ್ಲಿಸಿ, ಕೆಸರಿನಲ್ಲಿ ಓಡಿಸುವುದು ಹೇಗೆಂದು ಕೇಳಿದೆ. ನನಗೆ ಲೈಸೆನ್ಸಿದೆ, ಕೆಸರಿನ ಅಭ್ಯಾಸವಿಲ್ಲ.

"ಹಳೇ ಜೀಪಿನ ಲಿವರ್ ಮರೆತುಬಿಡ್ರಿ ಅಮ್ಮಾ," ಎಂದರು. "ಅದರಲ್ಲಿ ಹೂತ ಮೇಲೆ ಲಿವರ್ ಎಳೆದು ಮುಂದಿನ ಗಾಲಿಗೂ ಎಳೆತ ಕೊಡಬೇಕಿತ್ತು. ಇದರಲ್ಲಿ ನಾಲ್ಕಕ್ಕೂ ಯಾವಾಗ್ಲೂ ಎಳೆತ ಐತೆ. ಒಂದು ಜಾರಿದ್ರೆ ಉಳಿದವು ಹಿಡೀತಾವೆ. ತಿರುವಿನಾಗೆ ಮುಂದಿನ ಗಾಲಿ ಒಂದು ದಾರಿ, ಹಿಂದಿನದು ಒಂದು ದಾರಿ ತುಳೀತಾವಲ್ಲ, ನಡುವಿನ ಗೇರು ಅದನ್ನ ಸರಿದೂಗಿಸ್ತೈತೆ. ಗಾಡಿ ಬಾಲ ಬೀಸಲ್ಲ."

"ಹಾಗಾದ್ರೆ ಭಯವೇ ಇಲ್ಲ ಅನ್ನಿ."

"ಎಳೆಯೋಕೆ ಇಲ್ಲ. ನಿಲ್ಲಿಸೋಕೆ ಎಲ್ಲಾ ಗಾಡೀನೂ ಒಂದೇ. ಜೋರಾಗಿ ಹೋಗಿ ಬ್ರೇಕ್ ಒತ್ತಿದ್ರೆ ಅಲ್ಲಾನೇ ಕಾಪಾಡಬೇಕು!"

ಟಾರು ರಸ್ತೆಯ ತಿರುವುಗಳಲ್ಲಿ ಕಾರು ನಿಜಕ್ಕೂ ನೆಲ ಕಚ್ಚಿಕೊಂಡೇ ಹೋಯಿತು. ಮಳೆಗೆ ನೆನೆದ ಎರೆಮಣ್ಣಿಗೆ ಇಳಿದಾಗ ಎಡಗಡೆಯ ಗಾಲಿ ಸರ್ರನೆ ಜಾರಿತು. ಗಾಬರಿಯಲ್ಲಿ ನಿಲ್ಲಿಸಿಬಿಟ್ಟೆ. ಎಡಗೈ ತಾನಾಗಿ ಗೇರಿನ ಪಕ್ಕ ಲಿವರ್ ಹುಡುಕಿತು. ಅಲ್ಲಿ ಇದ್ದದ್ದು ನೀರಿನ ಬಾಟಲಿ ಇಡುವ ಗುಳಿ.

ಜೀಪು ಹೂತಾಗ ನಮ್ಮನೆಯವರು ಇಳಿದು ತಳ್ಳುತ್ತಿದ್ದರು. ಒಳಗೆ ಕೂತು ಲಿವರ್ ಎಳೆಯುವುದು ನನ್ನ ಕೆಲಸ. "ಲೇ, ಈಗ ಎಳಿ! ನಿದ್ದೆ ಹೊಡೀತಿದ್ಯೇನೇ?" ಎಂದು ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಕೂಗುತ್ತಿದ್ದರು. ನಾನು ನಗುತ್ತಾ ತಪ್ಪು ಕಡೆಗೇ ಎಳೆಯುತ್ತಿದ್ದೆ. ಈ ಕಾರಿಗೆ ತಳ್ಳುವವರು ಬೇಡ, ಎಳೆಯುವವರೂ ಬೇಡ. ವೈಪರ್ ನಿಲ್ಲಿಸಿದೆ. ಗಾಜಿನ ಮೇಲೆ ಒಂದು ಶೇಂಗಾ ಎಲೆ ಅಂಟಿಕೊಂಡಿತ್ತು.

ಆಮೇಲೆ ಸಾಹೇಬರ ಮಾತು ನಂಬಿ ಮೆಲ್ಲಗೆ ಆಕ್ಸಿಲರೇಟರ್ ಒತ್ತಿದೆ. ಜಾರಿದ ಗಾಲಿ ಒಂದು ಸುತ್ತು ಬರಿದೇ ತಿರುಗಿತು, ಉಳಿದವು ಹಿಡಿದವು. ಕಾರು ಮೇಲೆ ಬಂತು.

ಅಕ್ಕ ಬಾಗಿಲಲ್ಲೇ ನಿಂತು ನನ್ನ ಹಿಂದೆ ನೋಡಿದಳು. "ಯಾರ ಜೊತೆ ಬಂದ್ಯೇ?"

"ಒಬ್ಬಳೇ."

ಅವಳು ಚೊಂಬಿನಲ್ಲಿ ನೀರು ತಂದು ಗಾಲಿಗಳ ಕೆಸರು ತೊಳೆದಳು. ಒಳಗಿನಿಂದ ಕುಂಕುಮದ ಬಟ್ಟಲು ತಂದು ನನ್ನ ಕಡೆ ಚಾಚಿದಳು. "ಮೊದಲ ಸಲ ಮನೆಗೆ ಬಂದ ಗಾಡಿ. ನೀನು ಇಡು. ನಾನು ಇಡಬಾರದು."

ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ. "ನೀನೇ ಇಡಕ್ಕ. ನಿನ್ನ ನೋಡೋಕೆ ತಾನೇ ಬಂದಿರೋದು."

ಪಕ್ಕದ ಹೊಲದಲ್ಲಿ ಯಾರಾದರೂ ಇದ್ದಾರೇನೋ ಎಂದು ಅವಳು ಒಮ್ಮೆ ನೋಡಿದಳು. ಯಾರೂ ಇರಲಿಲ್ಲ. ಬೆರಳನ್ನು ಸೆರಗಿಗೆ ಒರೆಸಿಕೊಂಡು, ಕುಂಕುಮದಲ್ಲಿ ಅದ್ದಿ, ಬಾನೆಟ್ಟಿನ ಮೇಲೆ ಇಟ್ಟಳು.