ಆಲಾಶುವಾ ಯಾರಿಗೂ ತೋರಿಸದ ಚಿತ್ರ

ಆಲಾಶುವಾಳಿಗೆ ಈಗ ಅರವತ್ತೇಳು. ಉತ್ತರದ ಹಿಮನಾಡಿನ ನಮ್ಮೂರಲ್ಲಿ ಚಿತ್ರ ಬರೆಯುವವರು ಮನೆಗೊಬ್ಬರಿದ್ದಾರೆ. ಆದರೂ ಮೂವತ್ತು ವರ್ಷದಲ್ಲಿ ನಾನು ಅಚ್ಚು ತೆಗೆಯಲು ಕಲ್ಲಿನಲ್ಲಿ ಕೊರೆದದ್ದರಲ್ಲಿ ಅವಳ ಗೂಬೆಗಳೇ ಹೆಚ್ಚು. ಅವಳು ಬರೆಯುವುದು ಕಾಲು ಚಾಚಿ ನೆಲದ ಮೇಲೆ ಕೂತು, ಒಂದು ಕೈಯಲ್ಲಿ ಪೆನ್ಸಿಲ್, ಇನ್ನೊಂದರಲ್ಲಿ ಹಸಿ ಸೀಲ್ ಮಾಂಸ. ಕಾಗದಕ್ಕೆ ರಕ್ತ ಹತ್ತಿದೆ ಎಂದು ನಾನು ಗೊಣಗಿದರೆ, "ಗೂಬೆ ಊಟ ಮಾಡಿದೆ, ಬಿಡೋ" ಎನ್ನುವಳು.

ಅವಳಿಗೆ ಆರು ವರ್ಷವಿದ್ದಾಗ ತಾಯಿ ಕೌನಾಕ್‌ಗೆ ಕ್ಷಯವೆಂದು ಆಸ್ಪತ್ರೆಯ ಹಡಗು ದಕ್ಷಿಣಕ್ಕೆ ಒಯ್ದಿತು. ತಾಯಿ ಅಲ್ಲೇ ತೀರಿಕೊಂಡಳು. ಎಷ್ಟೋ ವರ್ಷದ ಮೇಲೆ ಪಕ್ಕದ ಮನೆಯಲ್ಲಿ ಹೆಣ್ಣು ಹುಟ್ಟಿದಾಗ ಆಲಾಶುವಾ ಆ ಹೆಸರನ್ನೇ ಇಡಿಸಿದಳು. ನಮ್ಮಲ್ಲಿ ಹೆಸರಿನ ಜೊತೆ ನಂಟೂ ಬರುತ್ತದೆ. ಬೆನ್ನ ಮೇಲಿನ ಕೂಸನ್ನು ಅವಳು "ಅಮ್ಮಾ" ಎಂದಳು, ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮಾತು ಬಂದ ಮೇಲೆ ಕೂಸು ಅವಳನ್ನು "ಮಗಳೇ" ಎಂದಿತು. ಯಾರೂ ನಗಲಿಲ್ಲ.

ಆ ಕೌನಾಕ್ ಓದಿ, ದಕ್ಷಿಣದ ಒಂದು ಮ್ಯೂಸಿಯಂನಲ್ಲಿ ನಮ್ಮ ಚಿತ್ರಗಳ ಪ್ರದರ್ಶನ ಏರ್ಪಡಿಸುವವಳಾದಳು. ನನಗೂ ಹೆಮ್ಮೆಯಿತ್ತು. ಕಳೆದ ಚಳಿಗಾಲ ಅವಳು ಬಂದಾಗ ಆಲಾಶುವಾ ಹಾಸಿಗೆಯಡಿಯಿಂದ ಒಂದು ಚಿತ್ರ ತೆಗೆದು ಕೊಟ್ಟಳಂತೆ. ಹಡಗಿಗೊಯ್ಯುವ ದೋಣಿ ಹತ್ತುತ್ತಿರುವ ತಾಯಿ ತಿರುಗಿ ನೋಡಿ ಕರೆಯುತ್ತಿದ್ದಾಳೆ. ಮಗಳು ಡೇರೆಯ ಹಿಂದೆ ಬಚ್ಚಿಟ್ಟುಕೊಂಡಿದ್ದಾಳೆ. "ನಂಗೆ ಸಿಟ್ಟು ಬಂದಿತ್ತಮ್ಮಾ, ಅದಕ್ಕೇ ಬರಲಿಲ್ಲ. ಇದು ಗೋಡೆಗಲ್ಲ. ನಿನಗೊಬ್ಬಳಿಗೇ, ಇಟ್ಕೋ" ಎಂದಳಂತೆ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಮಾರನೆಯ ದಿನವೇ ಕೌನಾಕ್ ಆ ಹಾಳೆಯನ್ನು ನನ್ನ ಮುಂದಿಟ್ಟಳು.

"ಮಾವ, ಪ್ರದರ್ಶನಕ್ಕೆ ಐವತ್ತು ಪ್ರತಿ ಬೇಕು. ಮಗಳು ಹೂಂ ಅಂದಿದಾಳೆ."

ನಾನು ಹಾಳೆ ತೆಗೆದುಕೊಂಡೆ. ಮಗಳ ಪರವಾಗಿ ತಾಯಿ ಹೇಳಿದ ಮಾತು ನಿಜವೋ ಸುಳ್ಳೋ ಎಂದು ಮಗಳ ಮನೆಗೆ ಹೋಗಿ ವಿಚಾರಿಸುವವನು ನಮ್ಮೂರಲ್ಲಿ ಯಾವನಿದ್ದಾನೆ? ಐದು ವಾರ ಕಲ್ಲು ಕೊರೆದೆ. ಶಾಯಿ ಹಚ್ಚಿ, ತೆಳು ಕಾಗದ ಹಾಸಿ, ಉಜ್ಜಿ ಎತ್ತಿದೆ. ಇಂಥ ಮೋಸಕ್ಕೆ ನನ್ನ ಕೈಗಳನ್ನೇ ಬಳಸಿಕೊಂಡಳಲ್ಲ ಎಂದು ಇಂದಿಗೂ ಮೈ ಉರಿಯುತ್ತದೆ.

ಪ್ರತಿಗಳನ್ನು ಒಯ್ಯಲು ಕೌನಾಕ್ ಮತ್ತೆ ಬಂದ ದಿನ, ಆಲಾಶುವಾ ಅವಳಿಗೆಂದು ಬಿಸಿ ರೊಟ್ಟಿ ಹಿಡಿದು ಕಾರ್ಯಾಗಾರಕ್ಕೇ ಬಂದಳು. ಹಗ್ಗಕ್ಕೆ ಒಣಗಹಾಕಿದ್ದ ಐವತ್ತು ಹಾಳೆಗಳಲ್ಲೂ ಅವಳೇ ಬಚ್ಚಿಟ್ಟುಕೊಂಡಿದ್ದಳು.

ಮೊದಲು ನನ್ನ ಕಡೆ ನೋಡಿದಳು. "ಲೋ, ನೀನೂನಾ?"

"ನೀನು ಒಪ್ಪಿದೀಯ ಅಂದ್ಲು..." ಎಂದು ಕೌನಾಕ್ ಕಡೆ ಕೈ ತೋರಿಸಿದೆ.

ಕೌನಾಕ್ ಮುಂದೆ ಬಂದಳು. "ಬಯ್ಬೇಡ ಮಗಳೇ. ಇದನ್ನ ನೋಡಿ ಅಲ್ಲಿನ ಜನ ಎಷ್ಟು ಅಳ್ತಾರೆ ಗೊತ್ತಾ?"

"ಅವರು ಯಾಕೆ ಅಳ್ಬೇಕು? ಹೋದವಳು ಅವರಮ್ಮನಾ?"

"ತಪ್ಪಾಯ್ತು ಮಗಳೇ" ಎಂದು ಕೈ ಹಿಡಿಯಲು ಹೋದಳು. ಆಲಾಶುವಾ ಕೈ ಬಿಡಿಸಿಕೊಂಡಳು.

"ನಮ್ಮಮ್ಮ ಹಡಗಲ್ಲಿ ಹೋದ್ಲು, ಕೌನಾಕ್. ಅವಳು ವಾಪಸ್ ಬರಲೇ ಇಲ್ಲ."