ಅಂಗೈಯಲ್ಲಿ ಲಿಂಗ, ಬೆನ್ನಿಗೆ ಹಲಗೆ

ಅತ್ತೆಗೆ ಮೂರು ವಾರದಿಂದ ಕೆಮ್ಮು ಎಂದು ಗಂಡನ ಊರು ಗುಂಜಿಯಿಂದ ಬೆಳಗಾವಿಗೆ ಫೋನ್ ಬಂದಾಗ ನನಗೆ ಅಷ್ಟೇನೂ ಗಾಬರಿಯಾಗಲಿಲ್ಲ. ಚಳಿ ಶುರುವಾಗಿತ್ತು, ಸುಗ್ಗಿಯ ಧೂಳೂ ಇತ್ತು. ಗಾಬರಿಯಾದದ್ದು ನನ್ನ ನೆಗೆಣ್ಣಿ, ಅಂದರೆ ಊರ ಮನೆ ನಡೆಸುವ ಹಿರಿಯ ಸೊಸೆ, ಆಮೇಲೆ ಹೇಳಿದ ಮಾತಿಗೆ.

“ಅತ್ತಿ ಕೂಸಿಗೆ ಎರಿಯೂದು ಬಿಟ್ಟಾರ, ತಂಗೀ. ಯಾರೂ ಬಿಡ ಅಂದಿಲ್ಲ, ತಾವ ಬಿಟ್ಟಾರ. ಹೊರಗಿನ ಖೋಲ್ಯಾಗ ಹಾಸಿಗಿ ಹಾಸ್ಕೊಂಡು ಕುಂತಾರ.”

ಕೂಸು ನೆಗೆಣ್ಣಿಯ ಮಗಳದು, ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ನಮ್ಮ ಮನೆತನದಲ್ಲಿ ಕೂಸುಗಳಿಗೆ ಎರೆಯುವುದು ಅತ್ತೆಯೇ. ಬಚ್ಚಲ ಕಲ್ಲಿನ ಮೇಲೆ ಕಾಲು ಚಾಚಿ ಕುಳಿತು, ಆ ಕಾಲ ಮೇಲೆ ಕೂಸನ್ನು ಬೋರಲು ಮಲಗಿಸಿಕೊಂಡು, ಎಣ್ಣೆ ತಿಕ್ಕಿ ತೀಡಿ, ಬಿಸಿನೀರು ಹೊಯ್ದು ಮುಗಿಸುವಷ್ಟರಲ್ಲಿ ಕೂಸು ಅಳುವುದನ್ನು ಮರೆತು ನಿದ್ದೆಗೆ ಜಾರುತ್ತಿತ್ತು. ನನ್ನ ಎರಡು ಮಕ್ಕಳೂ ಆ ಕಾಲಿನ ಮೇಲೆಯೇ ಬೆಳೆದವು. ಬೆಳಗಾವಿಯ ಆಸ್ಪತ್ರೆಯಿಂದ ಹಸಿಗೂಸು ಹಿಡಿದುಕೊಂಡು ಬಂದ ನಾನು ಕಾನ್ವೆಂಟಿನಲ್ಲಿ ಕಲಿತವಳು, ಥರ್ಮಾಮೀಟರ್ ಇಟ್ಟು ನೀರಿನ ಬಿಸಿ ನೋಡುವವಳು. ಅತ್ತೆ ಮೊಣಕೈ ಅದ್ದಿ ನೋಡುತ್ತಿದ್ದರು. ಅವರ ಮೊಣಕೈ ಒಮ್ಮೆಯೂ ತಪ್ಪಲಿಲ್ಲ.

ಹಾಗೆ ದೂರ ಸರಿಯಲು ಕಾರಣವಿತ್ತು. ಅತ್ತೆ ಸಣ್ಣವರಿದ್ದಾಗ ಅವರ ಅಕ್ಕ ಹೊರಗಿನ ಕೋಣೆಯಲ್ಲಿ ಕೆಮ್ಮಿ ಕೆಮ್ಮಿ, ಕ್ಷಯದಿಂದ ತೀರಿಕೊಂಡಿದ್ದರಂತೆ. ಬಾಗಿಲ ಸಂದಿಯಿಂದ ಅಕ್ಕನಿಗೆ ತಾಟು ಸರಿಸುವುದು ಇವರ ಕೆಲಸವಾಗಿತ್ತು. ಈಗ ತಾವೇ ಆ ಬಾಗಿಲ ಒಳಗೆ ಕುಳಿತಿದ್ದರು. ದವಾಖಾನೆಗೆ ಕರೆದರೆ, “ಬಸ್ಸಿನಾಗ ಮಂದಿ ಮ್ಯಾಲೆ ಕೆಮ್ಮಲೇನು?” ಎಂದು ಒಂದೇ ಮಾತು.

ಅದೇ ವಾರ ಗುಂಜಿಯ ಶಾಲೆಗೆ ಎದೆ ತಪಾಸಣೆಯ ಗಾಡಿ ಬರುತ್ತದೆಂದು ತಿಳಿಯಿತು. ನಾನು ಹಿಂದಿನ ದಿನವೇ ರೈಲು ಹತ್ತಿ ಹೋದೆ. ಬೆಳಿಗ್ಗೆ ಅತ್ತೆಯನ್ನು ಎಬ್ಬಿಸಿ ನಡೆಸಲು ನೋಡಿದರೆ ಅಂಗಳ ದಾಟುವಷ್ಟರಲ್ಲಿ ಏದುಸಿರು ಬಂದು ಕಟ್ಟೆಗೆ ಕುಸಿದರು. ನಾನೊಬ್ಬಳೇ ಶಾಲೆಗೆ ಹೋಗಿ, ಸಾಲಿನಲ್ಲಿ ನಿಂತು, ಹೀಗಾಗಿದೆ ಎಂದು ಹೇಳಿದೆ. ಎಕ್ಸ್‌ರೇ ತೆಗೆಯುವ ಹುಡುಗಿ ಖಾನಾಪುರದವಳು. ಪಕ್ಕದವರ ಜೊತೆ ಮರಾಠಿಯಲ್ಲಿ ಮಾತಾಡುತ್ತಿದ್ದವಳು ನನ್ನತ್ತ ತಿರುಗಿ, “ಆಯಿ ಬರೂದ ಬ್ಯಾಡ್ರಿ. ಈ ಸಾಲ ಮುಗೀಲಿ, ನಾನ ಬರ್ತೇನಿ,” ಅಂದಳು.

ನನಗೆ ಅರ್ಥವೇ ಆಗಲಿಲ್ಲ. ನನ್ನ ತಿಳಿವಳಿಕೆಯಲ್ಲಿ ಎಕ್ಸ್‌ರೇ ಎಂದರೆ ಒಂದು ಕೋಣೆ. ದಪ್ಪ ಬಾಗಿಲು, ಬಾಗಿಲ ಮೇಲೆ ಕೆಂಪು ದೀಪ, ಒಳಗೆ ತಣ್ಣನೆಯ ಟೇಬಲ್, ಮುಗಿದ ಮೇಲೆ ಹೊರಗೆ ಬೆಂಚಿನ ಮೇಲೆ ಅರ್ಧ ತಾಸು. ಆ ಕೋಣೆಯೇ ನಡೆದುಕೊಂಡು ಮನೆಗೆ ಬರುತ್ತದೆಯೇ?

ಬಂತು. ಎರಡು ಚೀಲ, ಒಂದು ಮಡಚುವ ಸ್ಟ್ಯಾಂಡು, ಅಷ್ಟೇ. ಒಂದು ಚೀಲದಿಂದ ದೊಡ್ಡ ಕ್ಯಾಮೆರಾದಂಥ ಯಂತ್ರ ಹೊರಬಂತು, ಕಿರಣ ಬಿಡುವುದು ಅದು. ಇನ್ನೊಂದರಿಂದ ಒಂದು ಕಪ್ಪು ಹಲಗೆ. ರೊಟ್ಟಿ ಬಡಿಯುವ ಪರಾತದಷ್ಟು ಅಗಲ, ಬೆರಳಿನಷ್ಟು ದಪ್ಪ, ಮೂಲೆಗಳು ಮಾತ್ರ ಸವೆದ ಸಾಬೂನಿನಂತೆ ನುಣ್ಣಗೆ. ವೈರಿನ ಸುಳಿವೇ ಇಲ್ಲ. ಹುಡುಗಿ ಅದನ್ನು ಎರಡೂ ಕೈಯಲ್ಲಿ ಎದೆಗೊತ್ತಿ ಹಿಡಿದಿದ್ದಳು. ಕಾನ್ವೆಂಟಿನ ಪ್ರಯೋಗಶಾಲೆಯಲ್ಲಿ ಸಿಸ್ಟರ್ ನಮ್ಮ ಕೈಗೆ ಗಾಜಿನ ಪಾತ್ರೆ ಕೊಡುವಾಗ ಕಲಿಸಿದ ಹಿಡಿತ ಅದು. ನನಗೆ ಅವಳ ಮೇಲೆ ತಟ್ಟನೆ ಭರವಸೆ ಹುಟ್ಟಿತು.

“ಕಿರಣ ಹಿಡಿಯೂದು ಇದರೀ,” ಎಂದಳು. “ಒಳಗ ಗಾಜಿನಂಥಾದ್ದು ಐತಿ. ಒಮ್ಮೆ ಕೈ ತಪ್ಪಿದ್ರ ಮುಗೀತು.”

ಹಲಗೆಯನ್ನು ಮಂಚದ ಮೇಲೆ ಮಲಗಿಸಿ ಸುಮ್ಮನೆ ಕುಳಿತಳು. ಯಾಕೆ ಶುರು ಮಾಡುವುದಿಲ್ಲ ಎಂದು ಕೇಳಿದೆ. ಹೊರಗೆ ಥಂಡಿ, ಒಳಗೆ ಒಲೆಯ ಬಿಸಿ. ತಂದ ಕೂಡಲೇ ಚಾಲೂ ಮಾಡಿದರೆ ತಣ್ಣನೆಯ ಸ್ಟೀಲ್ ತಂಬಿಗೆಯ ಹಾಗೆ ಅದೂ ಬೆವರುತ್ತದಂತೆ. ಮನೆಯ ಹವೆಗೆ ಹೊಂದಿಕೊಳ್ಳಲು ಬಿಡಬೇಕು. ಹೊಸ ಸೊಸೆಯನ್ನು ಕೂಡಿಸಿದ ಹಾಗೆ ಅದನ್ನು ಕೂಡಿಸಿದ್ದಳು. ನೆಗೆಣ್ಣಿ ಅಷ್ಟರಲ್ಲಿ ನಾಲ್ಕು ಕಪ್ಪುಗಳಲ್ಲಿ ಚಹಾ ತಂದಳು. ಮಂಚದ ಮೇಲೆ ಅಂಥ ಚೊಕ್ಕ ಚೌಕ ಕಂಡಿದ್ದೇ ತಡ, ಕಪ್ಪುಗಳನ್ನು ಅದರ ಮೇಲೆ ಇಡಲು ಬಗ್ಗಿದಳು.

“ಅಕ್ಕಾರ! ಅದು ಟ್ರೇ ಅಲ್ರೀ!”

“ಅಯ್ಯ, ನಮ್ಮವ್ವಾ! ಟ್ರೇ ಗತೇನ ಐತಲ್ಲ,” ಎಂದು ನೆಗೆಣ್ಣಿ ಹಿಂದೆ ಸರಿದಳು. “ಎಷ್ಟರ ಬೆಲಿದು ಇದು?”

“ನನ್ನ ಮಾರಿದ್ರೂ ಬರೂದಿಲ್ರಿ.”

ಹೊರಗಿನ ಖೋಲಿಯಿಂದ ಅತ್ತೆಯ ದನಿ ಬಂತು. “ಮದಲ ಆ ಹುಡುಗಿಗೆ ಚಾ ಕುಡಸ್ರಿ. ಮಾರೂದು ಆಮ್ಯಾಲ ನೋಡೂಣು.”

ಚಹಾ ಕುಡಿದು ಕೈ ಒರೆಸಿಕೊಂಡ ಹುಡುಗಿ ಒಂದರ ಹಿಂದೊಂದು ಕೆಲಸ ಮಾಡಿದ ಬಗೆಯನ್ನು ನಾನು ಕಣ್ಣು ಕೀಳದೆ ನೋಡಿದೆ. ಸ್ಪಿರಿಟ್ ಅನ್ನು ನೇರ ಹಲಗೆಗೆ ಸುರಿಯಲಿಲ್ಲ. ಬಟ್ಟೆಗೆ ಹಾಕಿ, ಹಿಂಡಿ, ಆಮೇಲೆ ಒರೆಸಿದಳು. ಹೊಸ ಪ್ಲಾಸ್ಟಿಕ್ ಚೀಲದೊಳಗೆ ಜಾರಿಸಿದಳು. ಬ್ಯಾಟರಿ ಎಷ್ಟಿದೆ ನೋಡಿದಳು. ಲ್ಯಾಪ್‌ಟಾಪಿನಲ್ಲಿ ಅತ್ತೆಯ ಹೆಸರು, ವಯಸ್ಸು ಬರೆದು, ಅತ್ತೆಯ ಬಾಯಿಂದಲೇ ಹೆಸರು ಹೇಳಿಸಿ ತಾಳೆ ನೋಡಿದಳು. ಬಾಣಂತಿ ಮತ್ತು ಕೂಸು ಹಿತ್ತಲಿಗೆ ಹೋಗಲಿ ಎಂದಳು. ಹೋದರೋ ಇಲ್ಲವೋ ಎಂದು ತಾನೇ ಎದ್ದು ಹೋಗಿ ನೋಡಿ ಬಂದಳು. ಅವಸರದ ಕೆಲಸವೇ ಅದು, ಶಾಲೆಯಲ್ಲಿ ಅಷ್ಟರಲ್ಲಿ ಮತ್ತೊಂದು ಸಾಲು ಕಾಯುತ್ತಿತ್ತು. ಆದರೆ ಅವಳ ಕೈಗಳಿಗೆ ಅವಸರ ಗೊತ್ತಿರಲಿಲ್ಲ.

“ಮೈಮ್ಯಾಲ ಬಂಗಾರ, ಬೆಳ್ಳಿ, ಪಿನ್ನು ಏನರ ಅದಾವೇನ್ರಿ? ಎಲ್ಲಾ ತಗೀರಿ. ಚಿತ್ರದಾಗ ಬೆಳ್ಳಗ ಮೂಡಿ ಹಿಂದಿಂದ ಮುಚ್ಚತೈತಿ.”

ಆ ಜವಾಬ್ದಾರಿ ನನ್ನದು. ಕೊರಳ ಬೋರಮಾಳ ಸರ ತೆಗೆದೆ, ಕಿವಿಯ ಬುಗುಡಿ ತೆಗೆದೆ. ಅತ್ತೆಯದು ಗಂಟು ಕಟ್ಟುವ ಹಳೇ ಕುಪ್ಪಸ, ಹುಕ್ಕಿನ ಗೋಜೇ ಇಲ್ಲ. ಸೆರಗಿನ ಪಿನ್ನನ್ನೂ ಹುಡುಕಿ ತೆಗೆದು, “ಈಗ ಏನೂ ಇಲ್ಲ,” ಎಂದು ಧೈರ್ಯವಾಗಿ ಹೇಳಿದೆ.

ಹುಡುಗಿ ಹೊರಗಿನ ಖೋಲಿಯಲ್ಲೇ ಅತ್ತೆಯನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂಡಿಸಿ, ಬೆನ್ನಿಗೂ ಕುರ್ಚಿಗೂ ನಡುವೆ ಹಲಗೆ ಇಟ್ಟಳು. ಹಲಗೆಯ ಗುರುತು ಮಾಡಿದ ಮೈ ಬೆನ್ನ ಕಡೆಗೆ ಇದೆಯೆಂದು ಎರಡು ಸಲ ನೋಡಿದಳು. ಪೂರ್ತಿ ಭಾರ ಬಿಡಬೇಡಿರೆಂದು ಹೇಳಿ, ಜಾರದ ಹಾಗೆ ಕೆಳಗೆ ಮಡಚಿದ ಕೌದಿ ಒತ್ತಿದಳು. ಯಂತ್ರದಿಂದ ಬೆಳಕಿನ ಒಂದು ಚೌಕ ಅತ್ತೆಯ ಎದೆಯ ಮೇಲೆ ಬಿತ್ತು. ಅದನ್ನು ಬೇಕಾದಷ್ಟಕ್ಕೇ ಕಿರಿದು ಮಾಡಿದಳು. ನಮ್ಮಿಬ್ಬರನ್ನು ಹೊರಗೆ ಕಳಿಸಿ, ಸೀಸದ ಏಪ್ರನ್ ತೊಟ್ಟು, ಯಂತ್ರದ ಒತ್ತುಗುಂಡಿಯ ವೈರು ಸಾಕಾಗುವಷ್ಟು ದೂರ ಹಿಂದೆ ಸರಿದಳು.

“ಉಸರ ಮ್ಯಾಲೆ ತಗೋರಿ ಆಯಿ... ಹಿಡೀರಿ... ಹಿಡೀರಿ... ಬಿಡ್ರಿ.”

ಹಿಡಿದಾಗಲೇ ಬೀಪ್ ಎಂದು ಸಣ್ಣ ಸದ್ದು. ಅತ್ತೆ ಉಸಿರು ಬಿಡುವುದಕ್ಕೂ ಕೆಮ್ಮು ಕಿತ್ತುಕೊಂಡು ಬರುವುದಕ್ಕೂ ಸರಿಹೋಯಿತು. ಚಿತ್ರ ಬರುವವರೆಗೆ ಹಲಗೆ ಅಲುಗಾಡಿಸಬಾರದೆಂದು ಹುಡುಗಿ ಅದನ್ನು ಹಿಡಿದು ನಿಂತಳು. ಗುಂಜಿಯ ಆ ಖೋಲಿಯಲ್ಲಿ ನನ್ನ ಫೋನಿಗೆ ಒಂದು ಕಡ್ಡಿ ನೆಟ್‌ವರ್ಕ್ ಕೂಡ ಇರಲಿಲ್ಲ. ಆದರೂ ಬೆನ್ನ ಹಿಂದಿನ ಹಲಗೆ ಮೂಲೆಯ ಲ್ಯಾಪ್‌ಟಾಪಿಗೆ ತಾನು ಕಂಡದ್ದನ್ನೆಲ್ಲ ಹೇಳಿಬಿಟ್ಟಿತು. ಅವೆರಡರ ನಡುವೆ ಅವುಗಳದೇ ಒಂದು ದಾರಿ ಇದೆಯಂತೆ. ಬಾಗಿಲಲ್ಲಿ ನಿಂತ ನನಗೆ ಪಕ್ಕೆಲುಬುಗಳು ಒಂದೊಂದಾಗಿ ಕಂಡವು.

ನಟ್ಟನಡುವೆ, ಸ್ವಲ್ಪ ಎಡಕ್ಕೆ, ಸುಣ್ಣದ ಉಂಡೆ ಇಟ್ಟ ಹಾಗೆ ಬೆಳ್ಳಗಿನ ಒಂದು ದುಂಡನೆಯ ಗುರುತು.

ನೆಗೆಣ್ಣಿ ನನ್ನ ರಟ್ಟೆ ಹಿಡಿದಳು. ಹುಡುಗಿ ಪರದೆಯತ್ತ ಬಗ್ಗಿ ನೋಡಿ, ಮೆಲ್ಲಗೆ ಕೇಳಿದಳು: “ಆಯಿ ಕೊಳ್ಳಾಗ ಏನೈತ್ರಿ?”

ಕರಡಿಗೆ. ಲಿಂಗವಿರುವ ಬೆಳ್ಳಿಯ ಕರಡಿಗೆ.

ಎಂಥ ಮೂಢತನ! ಬುಗುಡಿ ನೆನಪಾಯಿತು, ಪಿನ್ನು ನೆನಪಾಯಿತು, ಅಂಗೈ ತುಂಬುವಷ್ಟು ಬೆಳ್ಳಿ ನೆನಪಾಗಲಿಲ್ಲ. ನನಗಷ್ಟೇ ಅಲ್ಲ, ನಮ್ಮ ಮೂವರಲ್ಲಿ ಯಾರಿಗೂ. ನನ್ನ ಕೊರಳಲ್ಲೂ ಅದಿದೆ, ನೆಗೆಣ್ಣಿಯ ಕೊರಳಲ್ಲೂ ಇದೆ. ಹುಟ್ಟಿನಿಂದ ಮೈಮೇಲೆ ಇರುವುದನ್ನು ನಾವು ತೊಟ್ಟ ವಸ್ತು ಎಂದು ಎಣಿಸುವುದೇ ಇಲ್ಲ. ಕಣ್ಣು ಮೂಗು ಇದ್ದ ಹಾಗೆ ಅದು. ಸುಳ್ಳು ಹೇಳಿರಲಿಲ್ಲ ನಾನು, ಆದರೆ ಹುಡುಗಿಗೆ ಮೋಸವಾಗಿತ್ತು. ಅತ್ತೆಯ ಮೈಯಲ್ಲಿ ಇನ್ನೊಮ್ಮೆ ಕಿರಣ ಹಾಯಬೇಕಾಗಿತ್ತು.

“ಒಂದ ಚಿತ್ರದ್ದು ಭಾಳ ಸಣ್ಣದು, ಹೆದರಬ್ಯಾಡ್ರಿ,” ಎಂದು ಅವಳೇ ಸಮಾಧಾನ ಹೇಳಿದಳು. “ಆದ್ರ ಸುಮ್ಮಸುಮ್ಮನ ಹಾಯಸಬಾರದು. ಈ ಸಲ ಸರಿಯಾಗಿ ಬರಬೇಕು. ಆಯಿ, ಅದನ್ನೊಂದ ಗಳಿಗಿ ತಗದ ಸೊಸಿ ಕೈಯಾಗ ಕೊಡ್ರಿ.”

ಅತ್ತೆ ಕರಡಿಗೆಯ ಮೇಲೆ ಕೈ ಇಟ್ಟುಕೊಂಡರು. “ನಾಕ ಹಡದೇನಿ. ಹಡಿಯುವಾಗೂ ಮೈಬಿಟ್ಟಿಲ್ಲ ಇದು. ಬ್ಯಾಡವಾ, ನಿನ್ನ ಚಿತ್ರ ನಿನ್ನ ಹತ್ರ ಇರ್ಲಿ.”

“ಅತ್ಯಾರ, ಕೂಸಿನ ಸಲುವಾಗಿ,” ಎಂದೆ. ಆ ಮಾತು ಆಡಬಾರದಿತ್ತು. ಅವರ ಮುಖ ನೋಡಿ ನನಗೇ ನಾಚಿಕೆಯಾಯಿತು.

ಹಿತ್ತಲಲ್ಲಿ ಕೂಸು ಅಳುತ್ತಿತ್ತು. ಅತ್ತೆ ಅದನ್ನು ಸ್ವಲ್ಪ ಹೊತ್ತು ಕೇಳಿದರು. ಹುಡುಗಿ ಗಡಿಯಾರ ನೋಡಲಿಲ್ಲ, ಒತ್ತಾಯಿಸಲೂ ಇಲ್ಲ. ಕೊನೆಗೆ ಅತ್ತೆಯೇ ಕೇಳಿದರು.

“ನಿನ್ನ ಆ ಬೆಳಕಿನ ಚೌಕ ಐತೆಲ್ಲಾ, ಅದರ ಹೊರಗಿದ್ರ ನಡೀತೈತೇನು?”

“ನಡೀತೈತ್ರಿ.”

“ಹಂಗಾರ ಅಂಗೈಯಾಗ ಹಿಡಿತೇನಿ. ಪೂಜಾಕ್ಕ ಹಿಡದಂಗ. ಅಂಗೈ ಅಂದ್ರ ಅದೂ ಮೈಯೇ.”

ಕರಡಿಗೆ ತೂಗುವ ಶಿವದಾರವನ್ನು ಕೊರಳಿಂದ ತೆಗೆದು ಎಡಗೈ ಮಣಿಕಟ್ಟಿಗೆ ಸುತ್ತಿಕೊಂಡರು. ಕರಡಿಗೆ ಬಿಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ತೋಳನ್ನು ಪಕ್ಕಕ್ಕೆ ಚಾಚಿದರು. ಹುಡುಗಿ ಆ ತೋಳಿನ ಕೆಳಗೆ ಸ್ಟೂಲು, ಸ್ಟೂಲಿನ ಮೇಲೆ ದಿಂಬು ಇಟ್ಟು, ಬೆಳಕಿನ ಚೌಕ ಎಲ್ಲಿ ಮುಗಿಯುತ್ತದೆಂದು ಬೆರಳಿಂದ ಗೆರೆ ಎಳೆದು ತೋರಿಸಿದಳು. ಮುಟ್ಟುವ ಮುಂಚೆ, “ಬಾಜೂಕ ಸರಸ್ಲೇನ್ರಿ ಆಯಿ?” ಎಂದು ಪ್ರತಿ ಸಲ ಕೇಳುತ್ತಿದ್ದಳು.

ಅತ್ತೆಯ ದೃಷ್ಟಿ ಅಂಗೈಗೆ ಹೋಯಿತು. ಆಮೇಲೆ ನಡೆದದ್ದನ್ನು ನಾನು ಬಾಗಿಲ ಹೊರಗಿಂದ ನೋಡಿದೆ. ದಿನಾ ಬೆಳಿಗ್ಗೆ ಅವರು ಹಾಗೆ ಕೂರುವುದನ್ನು ಎಷ್ಟು ವರ್ಷ ಕಂಡಿದ್ದೇನೆ, ಕಂಡೂ ನೋಡಿರಲಿಲ್ಲ. ಹೆಗಲು ಇಳಿದವು. ರೆಪ್ಪೆ ಅಲುಗುವುದು ನಿಂತಿತು. ಮೂರು ವಾರದಿಂದ ಅವರನ್ನು ಜಗ್ಗಾಡುತ್ತಿದ್ದ ಕೆಮ್ಮು ಎಲ್ಲೋ ಕೆಳಗಿಳಿದು ಕುಳಿತ ಹಾಗಾಯಿತು. ಹುಡುಗಿ “ಉಸರ ಹಿಡೀರಿ” ಎನ್ನಲು ಬಾಯಿ ತೆರೆದವಳು ಅನ್ನದೆಯೇ ಗುಂಡಿ ಒತ್ತಿದಳು. ಉಸಿರು ತಾನಾಗಿಯೇ ನಿಂತಿತ್ತು. ಬೀಪ್.

ಆ ಚಿತ್ರ ಪರದೆಯ ಮೇಲೆ ಮೂಡುವುದನ್ನು ನೋಡುತ್ತ ನಿಂತೆ. ಎರಡೂ ಕಡೆ ಕಪ್ಪು ಬಯಲು, ಅದರಲ್ಲಿ ಎಲೆಯ ನರಗಳಂಥ ಗೆರೆಗಳು, ನಡುವೆ ಒರಗಿ ಮಲಗಿದ ಹೃದಯ. ಇಪ್ಪತ್ತೇಳು ವರ್ಷದಿಂದ ಈ ಹೆಂಗಸಿನ ಜೊತೆ ಸಾರಿನ ಉಪ್ಪಿಗೂ ಹಪ್ಪಳದ ಬಿಸಿಲಿಗೂ ಜಗಳಾಡಿದ್ದೇನೆ. ಅವರೊಳಗೆ ಇಷ್ಟು ದೊಡ್ಡ ನಿಶ್ಶಬ್ದ ಜಾಗವಿದೆಯೆಂದು ಯೋಚಿಸಿಯೇ ಇರಲಿಲ್ಲ.

“ಆಯಿ, ಈ ಹೆಗಲ ಮುಂದಿನ ಎಲುಬು ಎಂದರ ಮುರದಿತ್ತೇನ್ರಿ? ಗಂಟಾಗಿ ಕೂಡೈತಿ.”

ಅತ್ತೆ ಬೆಚ್ಚಿದರು. ಲಿಂಗವನ್ನು ಕರಡಿಗೆಗೆ ಸೇರಿಸಿ ಕೊರಳಿಗೆ ಹಾಕಿಕೊಂಡ ಮೇಲೆ ಹೇಳಿದರು. “ಹಳ್ಳದ ದಂಡ್ಯಾಗ ಕೊಡಾ ಸಮೇತ ಬಿದ್ದಿದ್ದೆ. ಮದಿವಿ ಎಂಟ ದಿನಾ ಉಳದಿತ್ತು. ಯಾರಿಗೂ ಹೇಳಿರಲಿಲ್ಲವಾ. ಇದಕ್ಯಾರು ಹೇಳಿದ್ರು?”

“ಮಶಿನ್ ಮನಸಿನಾಗಿಂದೂ ತೋರಸ್ತೈತಿ ಅತ್ಯಾರ, ಹುಷಾರಾಗಿರ್ರಿ,” ಎಂದಳು ನೆಗೆಣ್ಣಿ.

“ನಿಂದೊಂದ ತಗಸೂಣು ತಡಿ. ಬೆಲ್ಲದ ಡಬ್ಬಿ ಖಾಲಿ ಆದದ್ದು ಗೊತ್ತಾಗ್ಲಿ.”

ಎಷ್ಟೋ ದಿನದ ಮೇಲೆ ಆ ಖೋಲಿಯಲ್ಲಿ ನಗು ಕೇಳಿತು. ನಕ್ಕದ್ದಕ್ಕೆ ಅತ್ತೆಗೆ ಮತ್ತೆ ಕೆಮ್ಮು ಬಂತು.

ಹುಡುಗಿ ಲ್ಯಾಪ್‌ಟಾಪ್ ಹಿಡಿದು, ನೆಟ್‌ವರ್ಕ್ ಸಿಗುವ ಸ್ಟೇಷನ್ ಕಡೆಯ ಬೇಲಿಯವರೆಗೆ ಹೋಗಿ ಚಿತ್ರವನ್ನು ಖಾನಾಪುರದ ಡಾಕ್ಟರಿಗೆ ಕಳಿಸಿದಳು. ನಾನೂ ಅವಳ ಹಿಂದೆಯೇ ಹೋದೆ. ಡಾಕ್ಟರು ಫೋನಿನಲ್ಲಿ ಹೇಳಿದ್ದು ಇಷ್ಟು: ಕರಡಿಗೆ ಮುಚ್ಚಿದ್ದ ಜಾಗ ಸ್ವಚ್ಛವಾಗಿದೆ, ಬಲಗಡೆ ಕೆಳಗೆ ಮಂಜು ಕಟ್ಟಿದಂತೆ ಕಾಣುವುದು ನ್ಯುಮೋನಿಯಾ ಇರಬೇಕು, ಕ್ಷಯದಂತೆ ಕಾಣುವುದಿಲ್ಲ. ಆದರೆ ಚಿತ್ರವೊಂದನ್ನೇ ನಂಬುವ ಹಾಗಿಲ್ಲ, ಕಫದ ಪರೀಕ್ಷೆ ಆಗಲೇಬೇಕು. ಅಲ್ಲಿಯವರೆಗೆ ಕೂಸು ದೂರವೇ ಇರಲಿ. ಔಷಧಿ ಇವತ್ತೇ ಶುರು.

ಅತ್ತೆಗೆ ಬಂದು ಹೇಳಿದೆ. “ಇರಬೇಕು ಅಂದಾರೋ, ಐತಿ ಅಂದಾರೋ?” ಎಂದು ಕೇಳಿದರು. “ಇರಬೇಕು ಅಂದಾರ್ರಿ,” ಎಂದೆ. ತಲೆಯಾಡಿಸಿ ತಾವೇ ಬಾಗಿಲು ಮುಂದೆ ಮಾಡಿಕೊಂಡರು.

ಕಫದ ಡಬ್ಬಿಯನ್ನು ನಾನೇ ಖಾನಾಪುರಕ್ಕೆ ಒಯ್ದು ಕೊಟ್ಟೆ. ಉತ್ತರ ಬರುವವರೆಗೆ ಬೆಳಗಾವಿಗೆ ಮರಳಲಿಲ್ಲ. ನನ್ನ ಯಜಮಾನರು ಅಲ್ಲಿಯ ಕ್ಯಾಂಪ್ ಬಡಾವಣೆಯ ಹೋಟೆಲಿನಲ್ಲಿ ಊಟ ಮಾಡಿಕೊಂಡರು, ಮಾಡಿಕೊಳ್ಳಲಿ. ಕಫದಲ್ಲಿ ಏನೂ ಇಲ್ಲ ಎಂದು ತಿಳಿದ ದಿನವೂ ಅತ್ತೆ ಹೊಸ್ತಿಲು ದಾಟಲಿಲ್ಲ. ಔಷಧಿ ಪೂರ್ತಿ ಮುಗಿಸಿ, ಕೆಮ್ಮು ಪೂರ್ತಿ ನಿಂತು, ಡಾಕ್ಟರು ಇನ್ನೊಮ್ಮೆ ನೋಡಿ ಆಗಬಹುದು ಎಂದ ಮೇಲೆಯೇ ಬರುತ್ತೇನೆಂದರು. ಆ ಹುಡುಗಿಯ ಕೈಗಳಂತೆ ಇವರ ಹಟಕ್ಕೂ ಅವಸರ ಗೊತ್ತಿರಲಿಲ್ಲ.

ಡಾಕ್ಟರು ಆಗಬಹುದು ಎಂದ ಮೇಲೆ, ಅತ್ತೆ ಮತ್ತೆ ಕೂಸಿಗೆ ಎರೆಯುವ ಬೆಳಿಗ್ಗೆಗೆಂದೇ ನಾನು ಊರಿಗೆ ಹೋದೆ. ಬಚ್ಚಲಲ್ಲಿ ಹೊಗೆ ತುಂಬಿತ್ತು. ಅತ್ತೆ ಸೀರೆ ಮೇಲಕ್ಕೆ ಕಟ್ಟಿ, ಕಲ್ಲಿನ ಮೇಲೆ ಕಾಲು ಚಾಚಿ ಕುಳಿತಿದ್ದರು. ಕಾಲು ಎಷ್ಟು ಸೊರಗಿದ್ದವೆಂದರೆ ನನಗೆ ಭಯವಾಯಿತು. ನೆಗೆಣ್ಣಿ ಕೂಸನ್ನು ತಂದು ಆ ಎರಡು ಎಲುಬುಗಳ ನಡುವಿನ ತಗ್ಗಿನಲ್ಲಿ ಬೋರಲು ಮಲಗಿಸಿದಳು. ಮರೆತುಹೋದ ಜಾಗ, ಕೂಸು ಕಿರುಚಿ ಕೆಂಪಗಾಯಿತು. ಅತ್ತೆ ಅದರ ಬೆನ್ನ ಮೇಲೆ ಅಂಗೈ ಇಟ್ಟು ಕಾದರು. ಆಮೇಲೆ ಹಂಡೆಯ ನೀರಿಗೆ ಮೊಣಕೈ ಅದ್ದಿದರು.

“ಸಣ್ಣಾಕಿ, ಏನ್ ನೋಡ್ತಿ? ಚರಿಗಿ ತಗೋ. ಸಣ್ಣಗ ಹಾಕು, ಕೈ ನಡಗಸಬ್ಯಾಡ.”

ನಾನು ನೀರು ಹೊಯ್ದೆ.