ತುಳಿಯಬಾರದ ಹೊಸ್ತಿಲು

ಕಾರಟಗಿಯ ನಮ್ಮ ಮನೆಯ ತಲೆಬಾಗಿಲ ಹೊಸ್ತಿಲು ಗೇಣೆತ್ತರ. ಮದುವೆಯಾದ ಹೊಸದರಲ್ಲಿ ಸೊಸೆ ಅದರ ಮೇಲೆ ಕಾಲಿಟ್ಟೇ ಒಳಗೆ ಬಂದಳು. "ಹೊಸ್ತಿಲಾ ತುಳೀಬಾರದು ಅಂತ ನಿಮ್ಮವ್ವ ಕಲಿಸಿಲ್ಲೇನು? ಹೊರಗ ಹೋಗಿ ದಾಟಿ ಬಾ" ಎಂದು ಮನೆ ಮುಂದಿನ ಕಟ್ಟೆಯ ಮೇಲೆ ಕೂತ ಹೆಂಗಸರೆದುರೇ ವಾಪಸು ಕಳಿಸಿದೆ. ಮುಂದೆ ತುಂಬು ಬಸುರಿಯಾದಾಗಲೂ ಅವಳು ಚೌಕಟ್ಟು ಹಿಡಿದು ಕಾಲೆತ್ತಿಯೇ ದಾಟಿದಳು. ನಾನು ಹೇಳಿದ್ದು ಸರಿಯೇ ಇತ್ತು, ಈಗಲೂ ಹಾಗೇ ಅನ್ನುತ್ತೇನೆ.

ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದೆ. ಸೊಂಟದ ಕೆಳಗಿನ ಎಲುಬು ಮುರಿಯಿತು. ಗಂಗಾವತಿಯಲ್ಲಿ ರಾಡು ಹಾಕಿದರು. "ದಿನಾ ಹೊರಗ ಅಡ್ಡಾಡ್ರಿ ಅಮ್ಮಾರ, ಮಲಗಿದ್ರ ಮಲಗೇ ಉಳೀತೀರಿ" ಎಂದರು ಡಾಕ್ಟರು. ಎಲುಬು ಕೂಡಿಕೊಂಡಿತು, ಹೆದರಿಕೆ ಹೋಗಲಿಲ್ಲ. ವಾಕರ್ ಹಿಡಿದು ಪಡಸಾಲೆಯೆಲ್ಲ ಸುತ್ತುವ ನಾನು ಹೊಸ್ತಿಲ ಮುಂದೆ ಕಾಲೆತ್ತಿದರೆ ಸಾಕು, ಬಿದ್ದೇಬಿಟ್ಟೆ ಅನ್ನಿಸಿ ಮೈ ಬೆವರುತ್ತಿತ್ತು. ಅತ್ತ ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತ ಊರಿನ ಸುದ್ದಿ ಹಸನು ಮಾಡುವ ಹೆಂಗಸರು. ನನ್ನ ಜಾಗದಲ್ಲಿ ಎದುರು ಮನೆಯವಳು ಕೂತಿರುತ್ತಿದ್ದಳು. ಹೊಟ್ಟೆ ಉರಿಯುತ್ತಿತ್ತು.

"ಕೊಯ್ಸಿ ಸಪಾಟ ಮಾಡಸ್ತೀನಿ ಬೇ" ಎಂದ ಮಗ.

"ಲಕ್ಷ್ಮಿ ಕೂಡೂ ಜಾಗಕ್ಕ ಗರಗಸ ಹಚ್ತಿಯೇನು? ನಾ ಸತ್ತಮ್ಯಾಲ ಕೊಯ್ಸು" ಎಂದು ಬೈದು ಕಳಿಸಿದೆ.

ಒಂದು ಶುಕ್ರವಾರ ಧೈರ್ಯ ಬಂತು. ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದು, ಅರಿಶಿಣ ಹಚ್ಚಿದ ಹೊಸ್ತಿಲ ಮೇಲೇ ಗಟ್ಟಿ ಕಾಲಿಟ್ಟೆ. ಕಾಲು ನಿಂತಿತು! ಇನ್ನೊಂದು ಕಾಲು ಎಳೆದುಕೊಂಡರೆ ಹೊರಗೆ. ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದ ಸೊಸೆ ತಲೆಯೆತ್ತಿದಳು.

"ಅತ್ತೀ, ಹೊಸ್ತಿಲಾ ತುಳೀಬಾರದ್ರಿ. ದಾಟಿ ಬರ್ರಿ."

ದನಿ ಏರಿಸಲಿಲ್ಲ. ಕಟ್ಟೆಯ ಮೇಲೆ ಮೊರಗಳ ಸಪ್ಪಳ ನಿಂತಿತು. ನನ್ನ ಕಾಲು ತಾನಾಗಿ ಒಳಗೆ ಬಂತು. ಅವಳು ಬಂದು ನನ್ನ ಹೆಜ್ಜೆ ಒರೆಸಿ ಮತ್ತೆ ಅರಿಶಿಣ ಹಚ್ಚಿದಳು. ಮಾಡಿದ್ದುಣ್ಣೋ ಮಹರಾಯ ಎಂದು ಕಟ್ಟೆಯವರು ಅಂದುಕೊಂಡಿರಬೇಕು. ಅಂದುಕೊಳ್ಳಲಿ.

ಸಂಜೆ ಮಗ ಬಂದ ಕೂಡಲೇ, "ಹೊಸ್ತಿಲಾ ಕೊಯ್ಸಪಾ" ಎಂದೆ. ಎಂದೂ ಯಾರನ್ನೂ ಬೇಡದವಳು ಬೇಡಿಕೊಂಡೆ.

ಸೊಸೆ ಅಡುಗೆಮನೆಯಿಂದಲೇ, "ಬ್ಯಾಡ್ರಿ, ಲಕ್ಷ್ಮಿ ಕೂಡೂ ಜಾಗ ಐತಿ. ಅತ್ತಿ ಹೇಳ್ಯಾರ, ಅವ್ರು ಸತ್ತಮ್ಯಾಲ ಕೊಯ್ಸಿದ್ರಾತು" ಎಂದಳು.

ಮಗ ನನ್ನ ಮುಖ ನೋಡಲಿಲ್ಲ. ಕೈಕಾಲು ತೊಳೆದು ಊಟಕ್ಕೆ ಕೂತ.